ಟಾರ್ಚಿಗೆ ನಮ್ಮ ನೆಂಟರೆಲ್ಲ ಗೊತ್ತು

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಒಂದೇ ಜಾಗದಲ್ಲಿ, ದನದ ಕೊಟ್ಟಿಗೆ ಹಿಂದಿನ ಹಲಸಿನ ಮರದ ಕೆಳಗೆ. ಅದೂ ಮಡಿಕೇರಿ ಕಡೆ ಮುಖ ಮಾಡಿ ನಿಂತರೆ ಎರಡು ಕಡ್ಡಿ, ನಾಪೋಕ್ಲು ಕಡೆ ತಿರುಗಿದರೆ ಒಂದು. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನ್, ಕಾಲಲ್ಲಿ ಜಿಗಣೆ. ಇಂಥವಳನ್ನು ಹಿಡಿದುಕೊಂಡು ಫೋನು ಫೆಬ್ರವರಿಯಿಂದ ದಿನಾ ಕೇಳುತ್ತಿತ್ತು, ಅಪ್‌ಡೇಟ್ ಬಂದಿದೆ, 2 ಜಿಬಿ, ಈಗಲೇ ಹಾಕಲೇ ಎಂದು. ವೈಫೈ ಇದ್ದರೆ ಒಳ್ಳೆಯದಂತೆ, ಬ್ಯಾಟರಿ ತುಂಬಿರಬೇಕಂತೆ. ಜೂನ್ ತಿಂಗಳಲ್ಲಿ ಒಂದು ಮರ ತಂತಿ ಮೇಲೆ ಬಿದ್ದರೆ ನಾವು ನಾಲ್ಕು ದಿನ ಜೀಪಿನಲ್ಲಿ ಫೋನ್ ಚಾರ್ಜ್ ಮಾಡುವವರು. ನಾನು "ಆಮೇಲೆ" ಒತ್ತುತ್ತಿದ್ದೆ. ಸಾಲ ಕೇಳಲು ಬಂದ ನೆಂಟನಿಗೆ ಹೇಳುವ ಹಾಗೆ, ನಗುನಗುತ್ತಾ.

ಕಕ್ಕಡ 18ಕ್ಕೆ ಮಗಳು ಬೆಂಗಳೂರಿಂದ ಬಂದಳು. ಕೊಡಗಿನವರಿಗೆ ಹೇಳಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ: ಕಕ್ಕಡ ಎಂಬುದು ಕೊಡವರ ಒಂದು ತಿಂಗಳು, ಅದರ ಹದಿನೆಂಟನೇ ದಿನ ಆಗಸ್ಟ್ ಮೊದಲ ವಾರ ಬರುತ್ತದೆ. ಆವತ್ತು ಮದ್ದು ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಎಂಬ ನಂಬಿಕೆ. ಸೊಪ್ಪು ಕುದಿಸಿ, ನೇರಳೆ ಬಣ್ಣದ ಆ ರಸದಲ್ಲಿ ಪಾಯಸ ಮಾಡಿ ತಿನ್ನುತ್ತೇವೆ. ಮಾರನೇ ದಿನ ಬಚ್ಚಲಿಗೆ ಹೋದವರಿಗೆಲ್ಲ ಕೆಂಪು ಬಣ್ಣದಲ್ಲಿ ರಸೀದಿ ಸಿಗುತ್ತದೆ. ಗೊತ್ತಿಲ್ಲದೆ ತಿಂದ ಮೈಸೂರಿನ ನೆಂಟರೊಬ್ಬರು ಒಮ್ಮೆ ಬೆಳಿಗ್ಗೆ ಬೆಳಿಗ್ಗೆ ಆಸ್ಪತ್ರೆಗೆ ಹೊರಟು ನಿಂತಿದ್ದರು, ಅದು ಬೇರೆ ಕಥೆ.

ನಾನು ಪಾಯಸ ಕಲಕುತ್ತಿದ್ದಾಗ ಮಗಳು ನನ್ನ ಫೋನ್ ತೆಗೆದು ಕೂಗಿದಳು, "ಅಮ್ಮಾ, ನಿನ್ನ ಸೆಕ್ಯುರಿಟಿ ಪ್ಯಾಚ್ ಜನವರಿಯದ್ದು!"

ಇರಲಿ ಬಿಡು, ಜನವರಿ ಏನು ಹಳಸಿ ಹೋಯಿತಾ ಎಂದೆ. ಅವಳು ಪಾಠ ಶುರು ಮಾಡಿದಳು. ಆಂಡ್ರಾಯ್ಡಿನವರು 2015ರ ಆಗಸ್ಟ್‌ನಿಂದ ತಿಂಗಳು ತಿಂಗಳು ಒಂದು ಪಟ್ಟಿ ಹೊರಡಿಸುತ್ತಾರಂತೆ, ಎಲ್ಲೆಲ್ಲಿ ತೂತು ಸಿಕ್ಕಿದೆ, ಎಲ್ಲೆಲ್ಲಿ ಮುಚ್ಚಿದ್ದೇವೆ ಎಂದು. ಪಟ್ಟಿಯನ್ನು ನಾವು ಓದುವುದಿಲ್ಲ, ಕಳ್ಳರು ಓದುತ್ತಾರೆ. ನನ್ನ ಮುಖ ನೋಡಿ ಏನೂ ಇಳಿಯಲಿಲ್ಲ ಎಂದು ಅವಳಿಗೆ ಗೊತ್ತಾಯಿತು, ನಮ್ಮ ಭಾಷೆಗೆ ಬಂದಳು. "ಸೋಲಾರ್ ಬೇಲಿ ಎಲ್ಲಿ ಹರಿದಿದೆ ಅಂತ ಊರಿಗೆಲ್ಲ ಡಂಗುರ ಸಾರಿ ರಿಪೇರಿ ಮಾಡ್ತಾರೆ ಅಂತಿಟ್ಕೋ. ಎಲ್ಲರ ತೋಟದ್ದೂ ಅದೇ ಬೇಲಿ. ಎಲ್ಲರೂ ಸರಿ ಮಾಡ್ಕೊಂಡ್ರು, ನೀನು ಮಾತ್ರ ಆಮೇಲೆ ಅಂದೆ. ಆನೆ ಯಾರ ತೋಟಕ್ಕೆ ಬರುತ್ತೆ?"

ಇದು ನಾಟಿತು. ಆನೆ ಎಂದರೆ ನಮಗೆ ಬೇಗ ಅರ್ಥವಾಗುತ್ತದೆ. 2017ರಲ್ಲಿ ವನ್ನಾಕ್ರೈ ಎಂಬುದೊಂದು ಬಂದು ಲೋಕದ ತುಂಬ ಕಂಪ್ಯೂಟರುಗಳಿಗೆ ಬೀಗ ಹಾಕಿ ದುಡ್ಡು ಕೇಳಿತ್ತಲ್ಲ, ಅದರ ರಿಪೇರಿ ಮಾರ್ಚ್‌ನಲ್ಲೇ ಬಂದಿತ್ತಂತೆ, ಆನೆ ನುಗ್ಗಿದ್ದು ಮೇ ತಿಂಗಳಲ್ಲಿ. ಅಂದರೆ ಲೋಕದ ತುಂಬ ನನ್ನಂಥವರೇ ಇದ್ದಾರೆ. ಸ್ವಲ್ಪ ಸಮಾಧಾನವಾಯಿತು.

ಅತ್ತೆ ಒಲೆ ಮುಂದೆ ಕೂತು ಎಲ್ಲ ಕೇಳಿಸಿಕೊಂಡು, "ನಿಮ್ಮ ಫೋನಿಗೆ ತಿಂಗಳಿಗೊಂದು ಕಕ್ಕಡ ಹದಿನೆಂಟು, ಅಷ್ಟೇ ತಾನೇ" ಎಂದರು. ಮಗಳ ಅರ್ಧ ಗಂಟೆಯ ಪಾಠ ಅಲ್ಲಿಗೆ ಮುಗಿಯಿತು.

ಮಾರನೇ ದಿನ ಅವಳನ್ನು ಬೆಂಗಳೂರು ಬಸ್ಸಿಗೆ ಹತ್ತಿಸಲು ಮಡಿಕೇರಿಗೆ ಹೋದೆ. ದಾರಿಯಲ್ಲಿ ನೆಂಟರ ಮನೆಯ ವೈಫೈಯಲ್ಲಿ 2 ಜಿಬಿಯನ್ನೂ ಇಳಿಸಿಕೊಂಡೆವು. ಅದಕ್ಕಾಗಿ ಮೂರು ಲೋಟ ಕಾಫಿ ಕುಡಿದು, ಅವರ ಮಗನ ಮದುವೆಯ ಆಲ್ಬಮ್ಮನ್ನು ಎರಡು ಸಲ ನೋಡಬೇಕಾಯಿತು. ಬೇರೆಯವರ ವೈಫೈ ಪುಕ್ಕಟೆ ಸಿಗುವುದಿಲ್ಲ. ಕೊನೆಗೆ ರೀಸ್ಟಾರ್ಟ್ ಮಾತ್ರ ಬಾಕಿ ಇತ್ತು. "ಮನೆಗೆ ಹೋಗಿ ಒತ್ತು" ಎಂದು ಹೇಳಿ ಮಗಳು ಬಸ್ ಹತ್ತಿದಳು. ನಾನು ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಒಂದು ದೋಸೆ, ಒಂದು ಕಾಫಿ ಹೇಳಿ ಸುಮ್ನೆ ಕೂತಿದ್ದೆ. ಸುಮ್ನೆ ಕೂತವಳ ಬೆರಳು ಸುಮ್ನೆ ಇರಬೇಕಲ್ವಾ. ಒತ್ತಿದೆ.

ಫೋನು ಕಪ್ಪಾಯಿತು, ಬೆಳಗಿತು, ಮತ್ತೆ ಕಪ್ಪಾಯಿತು, ಕೊನೆಗೆ ಎದ್ದು ಕೂತು ಪಿನ್ ಕೇಳಿತು. ಬೆರಳಿಟ್ಟೆ. ಬೇಡ, ಪಿನ್ ಹಾಕು ಎಂದಿತು. ರೀಸ್ಟಾರ್ಟ್ ಆದ ಮೇಲೆ ಮೊದಲ ಸಲಕ್ಕೆ ಬೆರಳು ನಡೆಯುವುದಿಲ್ಲ, ಪಿನ್ನೇ ಆಗಬೇಕು ಎಂದು ನನಗೇನು ಗೊತ್ತು? ಆ ಪಿನ್ ಇಟ್ಟವಳು ಮಗಳು, ಇಟ್ಟು ವರ್ಷಗಳಾಗಿವೆ. ನೆನಪಿದ್ದ ಹುಟ್ಟಿದ ದಿನಗಳನ್ನೆಲ್ಲ ಹಾಕಿದೆ. ಐದು ಸಲ ತಪ್ಪಾದ ಮೇಲೆ ಅರ್ಧ ನಿಮಿಷ ಸುಮ್ಮನಿರು ಎಂದು ಬೈಯಿತು.

ಅಷ್ಟರಲ್ಲಿ ಬಿಲ್ ಬಂತು. ಪರ್ಸಿನಲ್ಲಿ 10 ರೂಪಾಯಿಯ ಎರಡು ನೋಟು, ಒಂದು ಗಣಪತಿ ಫೋಟೋ. ಯುಪಿಐ ಫೋನಿನೊಳಗೆ, ಮಗಳ ನಂಬರ್ ಫೋನಿನೊಳಗೆ, ಬಸ್ಸಿನಲ್ಲಿ ತೋರಿಸುವ ಆಧಾರ್ ಕೂಡ ಫೋನಿನೊಳಗೆ. ಐದು ಎಕರೆ ಕಾಫಿ ಬೆಳೆಯುವ ನಾನು ಒಂದು ಲೋಟ ಕಾಫಿಗೆ ದುಡ್ಡು ಕೊಡಲಾಗದೆ ಮಡಿಕೇರಿಯಲ್ಲಿ ಕೂತಿದ್ದೆ.

ಆಗ ಒಂದು ಕಾಲ್ ಬಂತು. ಬರೀ ನಂಬರು, ಹೆಸರಿಲ್ಲ. ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್. ಗುರುತಿಲ್ಲದವರ ಕಾಲ್ ಬಂದರೆ ಹುಷಾರಾಗಿರಿ ಎಂದು ಮಗಳು ಹಿಂದಿನ ರಾತ್ರಿಯೇ ಹೇಳಿದ್ದಳು. ಮೂರನೇ ಸಲ ಎತ್ತಿ ಗಟ್ಟಿಯಾಗಿ, "ಯಾರ್ರೀ ನೀವು?" ಎಂದೆ.

"ನಾನು ಕಣೇ."

"ನಾನು ಅಂದ್ರೆ ಯಾರು? ಓಟಿಪಿ ಗೀಟಿಪಿ ನಾನು ಕೊಡಲ್ಲ."

"ಇಪ್ಪತ್ತಾರು ವರ್ಷ ಆಯ್ತು ಮದುವೆ ಆಗಿ, ಇದುವರೆಗೂ ಓಟಿಪಿ ಕೇಳಿದ್ದೀನಾ?"

ಪಿನ್ ಹಾಕುವ ತನಕ ಒಳಗಿನ ನಂಬರುಗಳ ಪಟ್ಟಿಯೂ ಬೀಗದಲ್ಲೇ ಇರುತ್ತದಂತೆ, ಅದಕ್ಕೇ ಹೆಸರು ಬರಲಿಲ್ಲ. ಗಂಡನ ನಂಬರು ನನಗೆ ಬಾಯಿಗೆ ಬರುವುದಿಲ್ಲ ಎಂಬ ಸತ್ಯ ಹೀಗೆ ಹೊರಗೆ ಬಿತ್ತು, ಅದರ ಲೆಕ್ಕ ಇನ್ನೂ ಮುಗಿದಿಲ್ಲ. ಪಿನ್ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಆದರೆ ಹಿಂದಿನಿಂದ ಅತ್ತೆಯ ದನಿ ಬಂತು, ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದಿದೆ ನೋಡು ಅಂತ. ಅವರು ನೋಡಲು ಹೋಗುವ ಮೊದಲೇ ಹಾಲು ತೆಗೆದುಕೊಂಡು ಹೋಗಲು ಬಂದ ಹುಡುಗ ಅಂಗಳದಿಂದಲೇ ಆರೂ ಅಂಕಿ ಕೂಗಿದ. ಮಳೆ ಸದ್ದಿಗೆ ಸರಿಯಾಗಿ ಕೇಳಿಸದೆ ನಾನು ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ತಿರುಗಿ ಹೇಳಿದೆ. ಹೋಟೆಲ್ ನಿಶ್ಶಬ್ದವಾಗಿತ್ತು. ಪಕ್ಕದ ಮೇಜಿನ ಅಜ್ಜ "ತೆರೀತಾ?" ಎಂದು ಕೇಳಿದರು. ತೆರೆಯಿತು.

ರಾತ್ರಿ ಮಗಳಿಗೆ ಫೋನ್ ಮಾಡಿದರೆ ಅವಳು ನಗಲಿಲ್ಲ. ಪ್ರೈವೆಸಿ ಡ್ಯಾಶ್‌ಬೋರ್ಡ್ ಎಂಬುದೊಂದು ಬಂದಿರುತ್ತದೆ, ತೆಗೆದು ನೋಡು ಎಂದಳು. ಆಂಡ್ರಾಯ್ಡ್ 12ರ ಜೊತೆ 2021ರಲ್ಲೇ ಬಂದದ್ದಂತೆ, ನಮ್ಮ ಮನೆಗೆ ತಲುಪಿದ್ದು ಈಗ. ಹಿಂದಿನ 24 ಗಂಟೆಯಲ್ಲಿ ಕ್ಯಾಮೆರಾ, ಮೈಕು, ಲೊಕೇಶನ್ ಯಾರು ಯಾರು ಮುಟ್ಟಿದರು ಎಂದು ಅದು ಹೇಳುತ್ತದೆ. ನನ್ನ ಲೊಕೇಶನ್ನನ್ನು ಬೆಳಗಿನಿಂದ ಬಿಡದೆ ನೋಡಿದ್ದು ಟಾರ್ಚ್ ಆಪ್.

2018ರ ಮಳೆಯಲ್ಲಿ, ಗುಡ್ಡಗಳು ಕುಸಿದು ಕತ್ತಲಲ್ಲಿ ಕೂತಿದ್ದಾಗ ಹಾಕಿಕೊಂಡ ಆಪ್ ಅದು. ಫೋನ್ ಬದಲಾದರೂ ಹಳೇ ಮನೆಯ ಬೆಕ್ಕಿನಂತೆ ಜೊತೆಗೇ ಬಂದಿದೆ. ಬರುವಾಗ ನಂಬರುಗಳ ಪಟ್ಟಿ, ಲೊಕೇಶನ್, ಫೋಟೋ ಎಲ್ಲಕ್ಕೂ ನನ್ನ ಕೈಯಿಂದ ಅನುಮತಿ ಪಡೆದಿದೆ. ಆವತ್ತು ಬೆಳಕು ಬೇಕಿತ್ತು, ಕೇಳಿದ್ದಕ್ಕೆಲ್ಲ ಹೂಂ ಎಂದಿದ್ದೆ. ಫೋನಿನೊಳಗೇ ಒಂದು ಟಾರ್ಚ್ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನು ಇರುವ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ. ಟಾರ್ಚಿಗೆ ಮಾತ್ರ ಇಷ್ಟೊಂದು ಅನುಮತಿ.

ಅತ್ತೆಗೆ ಇದನ್ನು ನಂಬಲಾಗಲಿಲ್ಲ. "ಟಾರ್ಚಿಗೆ ನಮ್ಮ ನೆಂಟರು ಯಾಕೆ?"

ನಮ್ಮೂರಿನಲ್ಲಿ ಗುಟ್ಟು ಎಂಬುದಿಲ್ಲ, ನಿಜ. ನಾನು ಮಡಿಕೇರಿ ಬಸ್ ಹತ್ತಿದರೆ ಇಳಿಯುವ ಮೊದಲೇ ಯಾಕೆ ಹೋದಳು ಎಂಬ ಚರ್ಚೆ ಮುಗಿದಿರುತ್ತದೆ. ಆದರೆ ಅವರದ್ದೂ ನನಗೆ ಗೊತ್ತಿರುತ್ತದೆ, ಕರಿಮೆಣಸು ಎಷ್ಟಕ್ಕೆ ಕೊಟ್ಟರು, ಯಾರ ಮನೆಯ ಸಂಬಂಧ ಯಾಕೆ ಮುರಿಯಿತು ಎಲ್ಲ. ಕೊಡು ಕೊಳ್ಳು ವ್ಯವಹಾರ. ಟಾರ್ಚಿನ ಮನೆ ಎಲ್ಲಿದೆ, ಯಾರ ಮಗ, ಏನು ತಿಂದು ಬದುಕುತ್ತದೆ ಎಂದು ನನಗೊಂದೂ ಗೊತ್ತಿಲ್ಲ. ಸಿಟ್ಟು ಬಂದದ್ದು ಅದಕ್ಕೇ. ಆಪ್ ಕಿತ್ತು ಹಾಕಿದೆ.

ಖಾಸಗಿತನ ನಮ್ಮ ಮೂಲಭೂತ ಹಕ್ಕು, 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದಾರೆ, ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂದು ಮಗಳು ಸ್ಪೀಕರಿನಲ್ಲಿ ವಿವರಿಸಿದಳು. ಅತ್ತೆ ಗೌರವದಿಂದ ಕೇಳಿಸಿಕೊಂಡು, "ಅವರು ಯಾವೂರು? ಮಕ್ಕಳೆಷ್ಟು?" ಎಂದರು.

ಮಾರನೇ ಬೆಳಿಗ್ಗೆ ಕ್ಯಾಲೆಂಡರಿನ ಹಾಳೆ ಹರಿದು ಒಲೆಗೆ ಹಾಕಿದೆ. ಕೊಡೆ ಹಿಡಿದು ಹಲಸಿನ ಮರದ ಕೆಳಗೆ ಹೋಗಿ, ಹಿಂದೆ ಮುಂದೆ ನೋಡಿ, ಹೊಸ ಪಿನ್ ಇಟ್ಟೆ. ಎಲ್ಲೂ ಬರೆಯಲಿಲ್ಲ. ಗಂಡನಿಗೂ ಹೇಳಲಿಲ್ಲ. ಸಂಜೆ ಒಳಗೆ ಬಂದು ನೋಡಿದರೆ ಅತ್ತೆ ಕನ್ನಡಕ ಹಾಕಿಕೊಂಡು ನನ್ನ ಫೋನಿನಲ್ಲಿ ಮೊಮ್ಮಗಳ ಫೋಟೋ ನೋಡುತ್ತಾ ಕೂತಿದ್ದಾರೆ.

"ಹೇಗೆ ತೆಗೆದ್ರಿ?"

"ನಿಂಗೆ ಬೇರೆ ಯಾವ ತಾರೀಖು ನೆನಪಿರುತ್ತೆ? ಹಸು ಕರು ಹಾಕಿದ್ದು ತಾನೇ" ಎಂದು ಹೇಳಿ, ಮುಂದಿನ ಫೋಟೋಗೆ ಬೆರಳು ಸರಿಸಿದರು.