ಮೊಣಕೈಗೂ ಮಾರ್ಕ್ಸ್ ಕಾರ್ಡ್

ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗನಿಗೆ 10 ವರ್ಷ. ಬೇಸ್‌ಬಾಲ್ ಪಿಚರ್, ಅಂದರೆ ಚೆಂಡು ಎಸೆಯುವವನು. ಆದರೆ ಈಗ ಚೆಂಡು ಎಸೆದರಷ್ಟೇ ಸಾಲದು. ಭಾವ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಾರೆ. ಎಸೆಯುವ ಶೈಲಿ ಅಳೆಯುವ ಆ್ಯಪ್ ಹುಡುಗನ ಮೈಮೇಲೆ 33 ಚುಕ್ಕಿ ಇಟ್ಟು ರಂಗೋಲಿ ಎಳೆಯುತ್ತದೆ. ಆಮೇಲೆ ತೀರ್ಪು: ಮೊಣಕೈ 91.4 ಡಿಗ್ರಿ.

ಆ 'ಪಾಯಿಂಟ್ ನಾಲ್ಕು' ಎಲ್ಲಿಂದ ಬಂತು ಅಂತ ಕೇಳಬಾರದು. ಅಲ್ಲಿನ ದೊಡ್ಡವರ ವೃತ್ತಿಪರ ಬೇಸ್‌ಬಾಲ್, ಮೇಜರ್ ಲೀಗ್‌ನ ಮೈದಾನಗಳಲ್ಲಿ 2020ರಿಂದ ಈ ಕೆಲಸಕ್ಕೆ ಹಾಕ್-ಐನ 12 ಕ್ಯಾಮೆರಾ ಇವೆ. ಭಾವನ ಹತ್ತಿರ ಇರುವುದು ಒಂದು, ಅದನ್ನು ಹಿಡಿದ ಕೈಯೂ ನಡುಗುತ್ತದೆ. ದೊಡ್ಡ ಪಿಚರ್‌ಗಳ ಭುಜ ತಿರುಗುವ ವೇಗ ಸೆಕೆಂಡಿಗೆ ಸುಮಾರು 7000 ಡಿಗ್ರಿ. ಹುಡುಗರದ್ದು ಅಷ್ಟಿಲ್ಲ ಅನ್ನಿ. ಆದರೂ ಸೆಕೆಂಡಿಗೆ 30 ಚಿತ್ರ ತೆಗೆಯುವ ಫೋನಿನಲ್ಲಿ, ಒಂದು ಚಿತ್ರದಲ್ಲಿ ಕೈ ತಲೆಯ ಹಿಂದಿದ್ದರೆ ಮುಂದಿನದ್ದರಲ್ಲೇ ಚೆಂಡು ಹೋಗಿಬಿಟ್ಟಿರುತ್ತದೆ. ನಡುವಿನದ್ದೆಲ್ಲ ಆ್ಯಪಿನ ಊಹೆ. ಊಹೆಗೆ ದಶಮಾಂಶ ಹಚ್ಚಿದರೆ ವಿಜ್ಞಾನ, ಅಲ್ವಾ?

ಮೊನ್ನೆ ಅದು ಹುಡುಗನನ್ನು ಬಿಟ್ಟು, ಬಲೆಯ ಹಿಂದೆ ಮಡಚುವ ಕುರ್ಚಿಯಲ್ಲಿ ಕೂತು ಚಿಪ್ಸ್ ತಿನ್ನುತ್ತಿದ್ದ ಅಜ್ಜನೊಬ್ಬನ ಮೇಲೆ ಗೆರೆ ಎಳೆಯಿತು. ಕೈ ಬಾಯಿಗೆ ಹೋದಾಗಲೆಲ್ಲ 'ಅತ್ಯುತ್ತಮ'! ಭಾವ ಸರಿಯಾಗಿ ನೋಡಲಿಲ್ಲ. ಮೂರು ದಿನ "ಮೊನ್ನೆ ಎಸೆದ ಹಾಗೇ ಎಸಿ" ಅಂತ ಮಗನ ಬೆನ್ನು ಹತ್ತಿದ್ದರು.

ಸ್ಯಾನ್ ಫ್ರಾನ್ಸಿಸ್ಕೊ ತಂಡದಲ್ಲಿ ಟಿಮ್ ಲಿನ್ಸಿಕಮ್ ಅಂತ ಒಬ್ಬ ಪಿಚರ್ ಇದ್ದ. ಅಪ್ಪ ಕಲಿಸಿದ ವಿಚಿತ್ರ ಶೈಲಿ. ಅದರಲ್ಲೇ 2008, 2009 ಎರಡೂ ವರ್ಷ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಹೊಡೆದ. ಆ್ಯಪಿಗೆ ತೋರಿಸಿದ್ದರೆ ಮೈಯೆಲ್ಲ ಕೆಂಪು ಗೆರೆ ಬಿದ್ದಿರುತ್ತಿತ್ತು. ನಮ್ಮ ಬಿ.ಎಸ್. ಚಂದ್ರಶೇಖರ್ ಪೋಲಿಯೊ ತಗುಲಿದ ಕೈಯಲ್ಲೇ 242 ಟೆಸ್ಟ್ ವಿಕೆಟ್ ಕಿತ್ತವರು. ಸದ್ಯ, ಆಗ ಇದು ಇರಲಿಲ್ಲ.

ಹುಡುಗನ ವಯಸ್ಸಿನವರಿಗೆ ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ ದಿನಕ್ಕೆ 75 ಎಸೆತದ ಮಿತಿ ಹಾಕಿದೆ. 66 ಮುಟ್ಟಿದರೆ 4 ದಿನ ವಿಶ್ರಾಂತಿ. ಇದಕ್ಕೆ ಆ್ಯಪ್ ಬೇಡ, ಬೆರಳು ಸಾಕು. ಆದರೆ ಮ್ಯಾಚ್ ಮುಗಿದ ಮೇಲೆ ಹಿತ್ತಲಲ್ಲಿ 'ಫಾರ್ಮ್ ಸರಿಮಾಡೋಕೆ' ಎಸೆಸುವ ಚೆಂಡುಗಳನ್ನು ಯಾರೂ ಎಣಿಸುವುದಿಲ್ಲ.

ಸಂಜೆ ಹುಡುಗ ಬಂದು "ಅಪ್ಪ, ಕೈ ನೋಯ್ತಿದೆ" ಅಂದ. ಭಾವ ಫೋನ್ ನೋಡಿ, "ಇಲ್ಲಿ ಹಸಿರೇ ತೋರಿಸ್ತಿದೆಯಲ್ಲೋ" ಅಂದರು. ಅಕ್ಕ ಏನೂ ಮಾತಾಡದೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು ಕೈ ನೀವತೊಡಗಿದಳು. ಭಾವ ಅದನ್ನೂ ವಿಡಿಯೊ ಮಾಡಿಕೊಂಡರು. ಅಕ್ಕನ ಮೊಣಕೈ 62.8.