ತಮ್ಮ ಪುಕ್ಕಟೆ ಕೊಟ್ಟ ಕಂಪ್ಯೂಟರನ್ನು ಯಾಕೆ ವಾಪಸ್ ಕೊಟ್ಟೆ

ನನ್ನ ತಮ್ಮ ಹೊಸ ಗೇಮಿಂಗ್ ಕಂಪ್ಯೂಟರ್ ಕಟ್ಟಿಸಿಕೊಂಡ. ಹಳೆಯದು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. "ಅಕ್ಕ, ಮನೆಗೊಂದು ಸರ್ವರ್ ಬೇಕು ಅಂತಿದ್ಯಲ್ಲ, ಸುಮ್ನೆ ಇದನ್ನೇ ತಗೊಂಡ್ಹೋಗು" ಅಂದ. ಪುಕ್ಕಟೆ ಸಿಕ್ಕಿದ್ದನ್ನು ಬೇಡ ಅನ್ನುವ ಮನೆತನ ನಮ್ಮದಲ್ಲ. ಆಟೊದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹನುಮಂತನಗರಕ್ಕೆ ತಂದೆ. ಒಂದು ತಿಂಗಳಾದ ಮೇಲೆ ಹಾಗೇ ಆಟೊದಲ್ಲಿ ವಾಪಸ್ ಕೊಟ್ಟು ಬಂದೆ. ಅವನಿಗೆ ಇನ್ನೂ ಸ್ವಲ್ಪ ಬೇಜಾರಿದೆ. ಈ ಪೋಸ್ಟ್ ಅರ್ಧ ಅವನಿಗೇ.

ಸರ್ವರ್ ಅಂದರೆ ಗಾಬರಿ ಬೇಡ. ಮನೆಯ ಫೋಟೊ, ವಿಡಿಯೊ, ಹಾಡು ಎಲ್ಲ ಒಂದೇ ಕಡೆ ಇಟ್ಟು, ಟಿವಿಯಲ್ಲೋ ಫೋನಿನಲ್ಲೋ ನೋಡುವ ಹಾಗೆ ಮಾಡುವ ಕಂಪ್ಯೂಟರ್, ಅಷ್ಟೇ. ನನಗೆ ಅದು ಬೇಕಾಗಿದ್ದು ಅಪ್ಪನ ಮಿನಿ ಡಿವಿ ಕ್ಯಾಸೆಟ್‌ಗಳಿಗೋಸ್ಕರ. ಹಳೆಯ ವಿಡಿಯೊ ಕ್ಯಾಮೆರಾದ ಪುಟ್ಟ ಟೇಪುಗಳು ಅವು, ಒಟ್ಟು 41 ಇದ್ದವು. ಒಂದು ಗಂಟೆಯ ಕ್ಯಾಸೆಟ್ಟನ್ನು ಇದ್ದ ಹಾಗೇ ಇಳಿಸಿಕೊಂಡರೆ ಸುಮಾರು 13 ಜಿಬಿ ಆಗುತ್ತದೆ. ಅಲ್ಲಿಗೇ ಅರ್ಧ ಟಿಬಿ ಹೋಯಿತು. ಅದರ ಮೇಲೆ ಮನೆಯವರೆಲ್ಲರ ಫೋನಿನ ಫೋಟೊಗಳು.

ಇದು ಹಗಲೂ ರಾತ್ರಿ ಆನ್ ಇರುವ ಯಂತ್ರ. ಬಿಡಿಭಾಗ ಆರಿಸುವಾಗ ಎಲ್ಲರೂ ಮರೆಯುವುದು ಇದನ್ನೇ. ತಮ್ಮನ ಕಂಪ್ಯೂಟರಿಗೆ ಪ್ಲಗ್ ಮೀಟರ್ ಹಾಕಿ ನೋಡಿದೆ. ಏನೂ ಕೆಲಸ ಮಾಡದೆ ಸುಮ್ಮನೆ ಕೂತಿದ್ದಾಗಲೂ 100 ವ್ಯಾಟ್. ತಿಂಗಳಿಗೆ 72 ಯೂನಿಟ್ ಆಯಿತು. ನಮ್ಮ ಮನೆ ಮೊದಲೇ 150 ಯೂನಿಟ್ ಆಸುಪಾಸು ಓಡುತ್ತದೆ. ಗೃಹಜ್ಯೋತಿಯಲ್ಲಿ ಇರುವವರಿಗೆ ಗೊತ್ತಲ್ಲ, ನಮಗೆ ಕೊಟ್ಟ ಮಿತಿ ಮೀರಿದರೆ ಮೀರಿದಷ್ಟಕ್ಕೆ ದುಡ್ಡು. ಆದರೆ 200 ದಾಟಿದ ತಿಂಗಳು ಇಡೀ ಬಿಲ್ ನಮ್ಮ ತಲೆ ಮೇಲೆ. ಪುಕ್ಕಟೆ ಕಂಪ್ಯೂಟರ್ ಇಟ್ಟುಕೊಂಡು ಪುಕ್ಕಟೆ ಕರೆಂಟ್ ಕಳೆದುಕೊಂಡೆ! ಈಗಿರುವ ಪೆಟ್ಟಿಗೆ ಎರಡು ಡಿಸ್ಕ್ ಸೇರಿ 25 ವ್ಯಾಟ್ ತಿನ್ನುತ್ತದೆ. ತಿಂಗಳಿಗೆ 18 ಯೂನಿಟ್.

ಹೊಸದಾಗಿ ಕಟ್ಟೋಣ ಅಂತ ಒಂದು ಶನಿವಾರ ಕಂಪ್ಯೂಟರ್ ಬಿಡಿಭಾಗದ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ. ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದು, ಕೈಗಾಡಿ, ಲಗೇಜ್ ಆಟೊ, ಕೇಬಲ್ ಸುರುಳಿ ಹೊತ್ತವರ ಮಧ್ಯೆ ದಾರಿ ಮಾಡಿಕೊಂಡು. ಮೊದಲ ಅಂಗಡಿಯವರು ಕೇಳಿದ್ದು, "ಮಗನಿಗಾ ಮೇಡಂ? ಗೇಮಿಂಗಾ?" ನನಗೇ ಅಂದೆ. "ಹಾಗಾದ್ರೆ ಐ5 ಎಫ್ ಹಾಕ್ಸಿ, ರೇಟ್ ಕಮ್ಮಿ. ಒಂದು ಗ್ರಾಫಿಕ್ಸ್ ಕಾರ್ಡ್ ಕೊಡ್ತೀನಿ."

ಇಲ್ಲಿ ಸ್ವಲ್ಪ ಹುಷಾರು. ಇಂಟೆಲ್ ಚಿಪ್ಪಿನ ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ನಮಗೆ ಬೇಕಾಗಿರುವುದೇ ಆ ಗ್ರಾಫಿಕ್ಸ್. ಅಪ್ಪನ ಕಾಲದ ಡಿವಿ ಫೈಲನ್ನು ಈಗಿನ ಟಿವಿ ಓದುವುದಿಲ್ಲ. ಓಡುತ್ತಿರುವಾಗಲೇ ಅದನ್ನು ಟಿವಿಗೆ ತಿಳಿಯುವ ರೂಪಕ್ಕೆ ಬದಲಿಸಿ ಕೊಡಬೇಕು. ಚಿಪ್ಪಿನ ಗ್ರಾಫಿಕ್ಸ್ ಭಾಗ ಅದನ್ನು ಕೆಲವೇ ವ್ಯಾಟಿನಲ್ಲಿ ಮಾಡಿ ಮುಗಿಸುತ್ತದೆ. ಬೇರೆ ಕಾರ್ಡ್ ಹಾಕಿದರೆ ಮತ್ತೆ ಮೀಟರ್ ಓಡುತ್ತದೆ. ನಾನು ತಗೊಂಡಿದ್ದು 2023ರಲ್ಲಿ ಬಂದ ಎನ್100 ಚಿಪ್ಪು ಕೂರಿಸಿದ ಬೋರ್ಡು. ನಾಲ್ಕು ಕೋರ್, 6 ವ್ಯಾಟ್. ಅಂಗಡಿಯವರು ಅದನ್ನು ತೋರಿಸಿದ್ದು ಮುಖ ಸಪ್ಪೆ ಮಾಡಿಕೊಂಡೇ. ಅದಕ್ಕೆ ಸಾಟಾ ಪೋರ್ಟ್, ಅಂದರೆ ಡಿಸ್ಕ್ ಸಿಕ್ಕಿಸುವ ಜಾಗ, ಎರಡೇ. ನಾಲ್ಕು ಡಿಸ್ಕ್ ಬೇಕು ಅನ್ನುವವರು ಎಫ್ ಇಲ್ಲದ ಐ3-12100 ನೋಡಿ, ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು ಮನೆಗೆ ಬೇಡ.

ರ‍್ಯಾಮ್ 8 ಜಿಬಿ ಸಾಕು. ಕ್ಯಾಬಿನೆಟ್ ಯಾವುದಾದರೂ ಆದೀತು, ಡಿಸ್ಕಿನ ಎದುರು ಒಂದು ಫ್ಯಾನ್ ಇರಲಿ. ಗಾಜಿನ ಬಾಗಿಲು, ಬಣ್ಣದ ಲೈಟು ಇವೆಲ್ಲ ಮಂಚದ ಕೆಳಗೆ ಇಡುವ ಪೆಟ್ಟಿಗೆಗೆ ಯಾಕೆ?

ಉಳಿದ ದುಡ್ಡೆಲ್ಲ ಡಿಸ್ಕಿಗೆ. ಚಿಪ್ಪು ಸುಟ್ಟರೆ ಇನ್ನೊಂದು ತರಬಹುದು. ಡಿಸ್ಕಿನ ಒಳಗೆ ಇರುವುದು ಅಪ್ಪ.

ಡಿಸ್ಕಿನಲ್ಲಿ ಎರಡು ಜಾತಿ ಇದೆ, ಸಿಎಂಆರ್ ಮತ್ತು ಎಸ್‌ಎಂಆರ್. ಸಿಎಂಆರ್‌ನಲ್ಲಿ ಬರೆಯುವ ಸಾಲುಗಳು ಪಕ್ಕಪಕ್ಕ, ಒಂದಕ್ಕೊಂದು ತಾಕದ ಹಾಗೆ ಇರುತ್ತವೆ. ಎಸ್‌ಎಂಆರ್‌ನಲ್ಲಿ ಮಂಗಳೂರು ಹೆಂಚು ಹೊದಿಸಿದ ಹಾಗೆ, ಒಂದರ ಅಂಚಿನ ಮೇಲೆ ಇನ್ನೊಂದು. ಜಾಗ ಉಳಿಯುತ್ತದೆ, ಬೆಲೆ ಕಡಿಮೆಯಾಗುತ್ತದೆ. ಆದರೆ ಹೆಂಚಿನ ಮನೆಯಲ್ಲಿ ಇದ್ದವರಿಗೆ ಗೊತ್ತು, ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲೆ ಕೂತವನ್ನೆಲ್ಲ ಎಬ್ಬಿಸಬೇಕು. ಹಾಗೇ ಇಲ್ಲೂ ಒಂದು ಸಾಲು ತಿದ್ದಲು ಹೋದರೆ ಸುತ್ತಲಿನದನ್ನೆಲ್ಲ ಮತ್ತೆ ಬರೆಯಬೇಕು. ಒಂದೇ ಫೈಲನ್ನು ಎರಡರಲ್ಲೂ ಇಡುವ ಜೋಡಿ ಡಿಸ್ಕಿನಲ್ಲಿ ಒಂದು ಸತ್ತು, ಹೊಸದಕ್ಕೆ ಎಲ್ಲವನ್ನೂ ತುಂಬಬೇಕಾದಾಗ ಇದು ಪ್ರಾಣ ತಿನ್ನುತ್ತದೆ. ಡಬ್ಬದ ಮೇಲೆ ಇದನ್ನು ಬರೆದೇ ಇರುತ್ತಾರೆ ಅಂತ ನಂಬಬೇಡಿ. ಇಂಥ ಕೆಲಸಕ್ಕೇ ಅಂತ ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್ ರೆಡ್ ಡಿಸ್ಕ್‌ಗಳಲ್ಲಿ ಕೆಲವು ಎಸ್‌ಎಂಆರ್ ಅಂತ 2020ರಲ್ಲಿ ಹೊರಗೆ ಬಂದು ದೊಡ್ಡ ಗಲಾಟೆಯೇ ಆಯಿತು. ಆಮೇಲೆ ಸಿಎಂಆರ್ ಇದ್ದದ್ದಕ್ಕೆ ರೆಡ್ ಪ್ಲಸ್ ಅಂತ ಬೇರೆ ಹೆಸರು ಬಂತು. ಅಂಗಡಿಯಲ್ಲಿ ನಿಂತುಕೊಂಡೇ ಮಾಡೆಲ್ ನಂಬರನ್ನು ಫೋನಿನಲ್ಲಿ ಹಾಕಿ ನೋಡಿ. ಅವರು ಏನು ಅಂದುಕೊಂಡರೂ ಪರವಾಗಿಲ್ಲ.

ನಾನು ಮೋಸ ಹೋಗಿದ್ದೂ ಡಿಸ್ಕಿನಲ್ಲೇ. ಒಂದು ಕಡೆ "ಸೀಲ್ಡ್ ಪೀಸ್ ಮೇಡಂ" ಅಂತ ಕೊಟ್ಟರು. ಪ್ಲಾಸ್ಟಿಕ್ ಕವರ್ ಪಳಪಳ ಅನ್ನುತ್ತಿತ್ತು. ಮನೆಗೆ ತಂದು ಸ್ಮಾರ್ಟ್ ವಿವರ (ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಡುವ ಲೆಕ್ಕ) ತೆಗೆದು ನೋಡಿದರೆ ಅದು ಆಗಲೇ 26 ಸಾವಿರ ಗಂಟೆ ಓಡಿದೆ. ಅಂದರೆ ಹತ್ತಿರ ಹತ್ತಿರ ಮೂರು ವರ್ಷ, ಒಂದು ದಿನವೂ ರಜೆ ಇಲ್ಲದೆ! ಸೋಮವಾರ ಲ್ಯಾಪ್‌ಟಾಪ್ ಸಮೇತ ಹೋಗಿ ಆ ಅಂಕಿ ತೋರಿಸಿದೆ. ಜಗಳ ಆಡಲಿಲ್ಲ, ಸುಮ್ಮನೆ ಬದಲಿಸಿ ಕೊಟ್ಟರು. ಅದೇ ಜಾಸ್ತಿ ಬೇಜಾರಾಯಿತು, ಅವರಿಗೆ ಮೊದಲೇ ಗೊತ್ತಿತ್ತು ಅಲ್ವಾ? ಈ ಅಂಕಿಯನ್ನೂ ಸೊನ್ನೆ ಮಾಡಿಡುವವರು ಇದ್ದಾರೆ. ಹಾಗಾಗಿ ಸೀರಿಯಲ್ ನಂಬರ್ ಹಾಕಿ, ಭಾರತದಲ್ಲಿ ವಾರಂಟಿ ಇನ್ನೂ ಎಷ್ಟು ಉಳಿದಿದೆ ಅಂತ ಕಂಪನಿಯ ಸೈಟಿನಲ್ಲೇ ನೋಡಿ. ಎರಡು ಡಿಸ್ಕ್ ಬೇಕಾದರೆ ಎರಡು ಬೇರೆ ಅಂಗಡಿಯಲ್ಲಿ ತಗೊಳ್ಳಿ. ಒಂದೇ ದಿನ ಒಂದೇ ಕಾರ್ಖಾನೆಯಿಂದ ಬಂದ ಜೋಡಿಗೆ ಒಂದೇ ಕಾಯಿಲೆ ಇರಬಹುದು.

4 ಟಿಬಿ ಡಿಸ್ಕ್ ಕಂಪ್ಯೂಟರಿನಲ್ಲಿ 3.63 ಅಂತ ಕಾಣುತ್ತದೆ. ಅದು ಮೋಸವಲ್ಲ. ಡಬ್ಬದವರು ಸಾವಿರದ ಲೆಕ್ಕ ಹಾಕುತ್ತಾರೆ, ಕಂಪ್ಯೂಟರ್ 1024ರ ಲೆಕ್ಕ ಹಾಕುತ್ತದೆ. ಇದಕ್ಕೂ ಜಗಳಕ್ಕೆ ಹೋಗಬೇಡಿ. (ನಾನು ಹೋಗಿದ್ದೆ.)

ಕರೆಂಟ್ ಹೋಗುವುದರ ಬಗ್ಗೆ ಬೆಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ. ಬರೆಯುತ್ತಿರುವಾಗ ಹೋದರೆ ಫೈಲ್ ಕೆಡಬಹುದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಮೇಲೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇದೆಯಾ ನೋಡಿ. ಆ ಕಡೆ ಇಟ್ಟರೆ ಕಂಪ್ಯೂಟರಿಗೆ ತಿಳಿಯದಷ್ಟು ಬೇಗ ಬ್ಯಾಟರಿಗೆ ಬದಲಾಗುತ್ತದೆ. ನಮ್ಮದು ಎಷ್ಟೋ ವರ್ಷದಿಂದ ಇನ್ನೊಂದು ಕಡೆಯೇ ಇತ್ತು, ಯಾರೂ ನೋಡಿರಲಿಲ್ಲ. ಬ್ಯಾಟರಿ ಮುಗಿಯುತ್ತಾ ಬಂತು ಅಂತ ಇನ್ವರ್ಟರ್ ಸರ್ವರಿಗೆ ಹೇಳುವುದಿಲ್ಲ. ಅದು ಬೇಕಾದರೆ ಯುಎಸ್‌ಬಿ ತಂತಿ ಇರುವ ಸಣ್ಣ ಯುಪಿಎಸ್ ಬೇರೆ ತಗೊಳ್ಳಬೇಕು. ನಾನು ಇನ್ನೂ ತಗೊಂಡಿಲ್ಲ.

ಸಾಫ್ಟ್‌ವೇರ್‌ಗೆ ನಾನು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಓಪನ್‌ಮೀಡಿಯಾವಾಲ್ಟ್ ಹಾಕಿ, ಅದರ ಮೇಲೆ ಜೆಲ್ಲಿಫಿನ್. ಮೊದಲನೆಯದು ಡಿಸ್ಕು, ಫೈಲು ನೋಡಿಕೊಳ್ಳುತ್ತದೆ, ಎರಡನೆಯದು ಅವನ್ನು ಟಿವಿಯಲ್ಲಿ ತೋರಿಸುತ್ತದೆ. ಎರಡೂ ಉಚಿತ. ಅತ್ತೆಯವರು ಟಿವಿ ರಿಮೋಟಿನಲ್ಲೇ ಹುಡುಕಿಕೊಂಡು ನೋಡುತ್ತಾರೆ, ನನ್ನನ್ನು ಕರೆಯುವುದಿಲ್ಲ.

ಎರಡು ಡಿಸ್ಕ್ ಜೋಡಿ ಮಾಡಿದ್ದೇನೆ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುತ್ತದೆ ಅಂತ ಮೊದಲು ಹಾಯಾಗಿದ್ದೆ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ತಂಗಿಯ ಮದುವೆಯ ಫೋಲ್ಡರ್ ಅಳಿಸಿಬಿಟ್ಟೆ. ಇನ್ನೊಂದು ಡಿಸ್ಕ್ ಅಷ್ಟೇ ವಿಧೇಯವಾಗಿ ತಾನೂ ಅಳಿಸಿಕೊಂಡಿತು. ಕ್ಯಾಸೆಟ್ ಇನ್ನೂ ಇದ್ದದ್ದರಿಂದ ಮತ್ತೆ ಇಳಿಸಿಕೊಂಡೆ. ಜೋಡಿ ಕಾಯುವುದು ಡಿಸ್ಕ್ ಸತ್ತಾಗ ಮಾತ್ರ, ನನ್ನ ಕೈಯಿಂದ ಅಲ್ಲ. ಈಗ ಮೂರನೇ ಡಿಸ್ಕ್ ಒಂದಿದೆ. ಅದು ಎಸ್‌ಎಂಆರ್, ಬೇಕಂತಲೇ ತಗೊಂಡೆ. ಒಂದು ಸಲ ತುಂಬಿಸಿ ಎತ್ತಿಡುವುದಕ್ಕೆ ಅದು ಧಾರಾಳವಾಗಿ ಸಾಕು. ಅದು ಇರುವುದು ತಮ್ಮನ ಮನೆಯ ಬೀರುವಿನಲ್ಲಿ. ಹಬ್ಬಕ್ಕೆ ಬರುವಾಗ ತರುತ್ತಾನೆ, ಊಟ ಮುಗಿಯುವಷ್ಟರಲ್ಲಿ ಹೊಸದೆಲ್ಲ ಅದಕ್ಕೆ ಹೋಗಿರುತ್ತದೆ. ಕಂಪ್ಯೂಟರ್ ವಾಪಸ್ ಕೊಟ್ಟಿದ್ದಕ್ಕೆ ಅವನಿಗೆ ಈ ಕೆಲಸ.

ಈಗ ಸರ್ವರಿನಲ್ಲಿ ಜಾಗ ಬೇಕಾದಷ್ಟಿದೆ. ಆದರೆ 38 ಕ್ಯಾಸೆಟ್ ಇಳಿಸುವಷ್ಟರಲ್ಲಿ ಅಪ್ಪನ ಕ್ಯಾಮೆರಾ ಕೈಕೊಟ್ಟಿತು. ರಿಪೇರಿಯವರು ಟೇಪ್ ಓದುವ ಹೆಡ್ ಸವೆದಿದೆ ಅಂದರು. ಎಸ್.ಪಿ. ರೋಡ್ ಇಡೀ ಸುತ್ತಿದರೂ ಅದರ ಪಾರ್ಟ್ ಸಿಗಲಿಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಓಡುವ ಮಿನಿ ಡಿವಿ ಕ್ಯಾಮೆರಾ ಇದ್ದರೆ ಒಂದು ವಾರ ಕೊಡುತ್ತೀರಾ? ಫೈರ್‌ವೈರ್ ತಂತಿ (ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವುದು) ನನ್ನ ಹತ್ತಿರ ಇದೆ. ಉಳಿದಿರುವುದು ಮೂರೇ. ಒಂದರ ಮೇಲೆ ಅಪ್ಪನ ಅಕ್ಷರದಲ್ಲಿ "ಕಡಲೆಕಾಯಿ ಪರಿಷೆ, 2004" ಅಂತಿದೆ. ಇನ್ನೆರಡರ ಮೇಲೆ ಏನೂ ಬರೆದಿಲ್ಲ.