ಹಡಗು ಹತ್ತಿ ಹೋದ ಅಡಿಕೆ

ಕಳೆದ ಮೇ ರಜೆಗೆ ಅಕ್ಕನ ಮಗಳು ನಾನಿರುವ ಗೋವೆಯ ಮಡಗಾವಿಗೆ ಬಂದಿದ್ದಳು. ಎಂಟನೆಯ ತರಗತಿ ಮುಗಿಸಿದ ಹುಡುಗಿ. ಬ್ಯಾಡಗಿ ಸಮೀಪದ ನಮ್ಮ ಊರಿನಿಂದ ಹೊರಟು, ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ದೂಧಸಾಗರ ನೋಡಿಕೊಂಡು ಇಳಿದಳು. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹೋಳಿಗೆ, ನಮ್ಮ ಮನೆ ಮಾಲಕಿ ಆಂಟಿಗೆಂದು ಎರಡು ಕಿಲೋ ಒಣಮೆಣಸಿನಕಾಯಿ. ಇಂಗ್ಲಿಷಿನಲ್ಲಿ 100ಕ್ಕೆ 96 ಬಿದ್ದಾವೆ ಎಂದು ಅಕ್ಕ ಮೊದಲೇ ಫೋನಿನಲ್ಲಿ ಹೇಳಿದ್ದಳು.

ಮರುದಿನ ಬೆಳಗ್ಗೆ ಆಂಟಿ ಹಿತ್ತಲಲ್ಲಿ ಕೈಗೆ ಎಣ್ಣೆ ಸವರಿಕೊಂಡು ಹಲಸಿನ ಹಣ್ಣು ಬಿಡಿಸುತ್ತಿದ್ದರು. ಹುಡುಗಿಯನ್ನು ಕಂಡು, "ಯೂ ಲೈಕ್ ಜ್ಯಾಕ್‌ಫ್ರೂಟ್, ಬಾಯ್?" ಎಂದರು. ಇಲ್ಲಿ ಹುಡುಗಿಯರನ್ನು ಪ್ರೀತಿಯಿಂದ ಬಾಯ್ ಎನ್ನುತ್ತಾರೆ. ಇವಳು ನನ್ನ ಮುಖ ನೋಡಿದಳು, ನೆಲ ನೋಡಿದಳು. ಬಾಯಿ ಬಿಡಲಿಲ್ಲ. ಒಳಗೆ ಬಂದ ಮೇಲೆ ಕೇಳಿದೆ.

"ಜ್ಯಾಕ್‌ಫ್ರೂಟ್ ಅಂದ್ರ ಗೊತ್ತಿಲ್ಲೇನವಾ?"

"ಗೊತ್ತೈತಿ ಮಾಮಾ." ಒಂದೊಂದೇ ಅಕ್ಷರ ಬಿಡಿಸಿ ಸ್ಪೆಲ್ಲಿಂಗ್ ಒಪ್ಪಿಸಿದಳು. "ಹಲಸಿನ ಹಣ್ಣು."

"ಮತ್ತ ಸುಮ್ಮನ ಯಾಕ ನಿಂತಿ?"

"ಅದು ಈ ಹಣ್ಣ ಅಂತ ತಲೀಗೆ ಹೊಳೀಲೇ ಇಲ್ಲ."

ಆ ಮಾತು ನನಗೆ ನಾಟಿತು. ಶಬ್ದ ಗೊತ್ತಿದೆ, ಹಣ್ಣೂ ಗೊತ್ತಿದೆ. ಒಂದು ನೋಟ್‌ಬುಕ್ಕಿನಲ್ಲಿದೆ, ಇನ್ನೊಂದು ಹಿತ್ತಲಲ್ಲಿದೆ. ಎರಡಕ್ಕೂ ಭೇಟಿ ಮಾಡಿಸಿದವರು ಯಾರೂ ಇಲ್ಲ. ನಾನೂ ಅದೇ ಸಾಲಿಯಲ್ಲಿ ಕಲಿತವನು. ಬಲಗಡೆ ಅರ್ಥ, ಎಡಗಡೆ ಶಬ್ದ, ನಡುವೆ ಗೀಟು, ಒಂದೊಂದನ್ನು ಹತ್ತು ಸಲ ಬರೆಯಬೇಕು. ತಪ್ಪಿದರೆ ಇಪ್ಪತ್ತು ಸಲ. ಮೂವತ್ತು ವರ್ಷವಾದರೂ ಆ ಗೀಟು ಅಲ್ಲಿಯೇ ಇದೆ.

ಆಂಟಿಯ ವಿಷಯ ಸ್ವಲ್ಪ ಹೇಳಬೇಕು. ಅವರು ಅಕ್ಷರ ಕಲಿತದ್ದು ಪೋರ್ಚುಗೀಸಿನಲ್ಲಿ. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾದಾಗ ಅವರಿಗೆ ಹತ್ತು ವರ್ಷ. ಆಮೇಲೆ ಹಾಕಿದ್ದು ಇಂಗ್ಲಿಷ್ ಶಾಲೆಗೆ. ಮನೆಯಲ್ಲಿ ಆ ಭಾಷೆ ಯಾರಿಗೂ ಬರುತ್ತಿರಲಿಲ್ಲ. ಹೀಗಾಗಿ ಅಡುಗೆಮನೆಯಲ್ಲಿ ಕೂತು, ಕೊಂಕಣಿ ಹೆಸರು, ಪೋರ್ಚುಗೀಸ್ ಹೆಸರು, ಇಂಗ್ಲಿಷ್ ಹೆಸರು ಮೂರನ್ನೂ ಪಕ್ಕಪಕ್ಕ ಇಟ್ಟು ಕಲಿತರಂತೆ. ಮುಂದೆ ತಾವೇ ಟೀಚರ್ ಆಗಿ ಮಕ್ಕಳಿಗೂ ಹಾಗೆಯೇ ಕಲಿಸಿದರು. ಸಂಕೋಚದ ಹುಡುಗಿಯನ್ನು ಕಂಡರೆ ಅವರು ಬಿಡುವವರಲ್ಲ. ಮರುದಿನದಿಂದ ನಮ್ಮ ಹುಡುಗಿ ಅವರ ಅಡುಗೆಮನೆಯಲ್ಲೇ.

ಹಲಸಿನಿಂದಲೇ ಶುರು. ಕೊಂಕಣಿಯಲ್ಲಿ ಪಣಸ್, ಪೋರ್ಚುಗೀಸಿನಲ್ಲಿ ಜಾಕಾ. ಆ ಜಾಕಾ ಎಲ್ಲಿಂದ ಬಂತು? 1498ರಲ್ಲಿ ಪೋರ್ಚುಗೀಸರು ಬಂದಿಳಿದದ್ದು ಕಲ್ಲಿಕೋಟೆಯ ಕಡೆ. ಅಲ್ಲಿಯ ಜನ ಹಲಸನ್ನು ಚಕ್ಕ ಎನ್ನುತ್ತಿದ್ದರು, ಇವರ ಬಾಯಲ್ಲಿ ಅದು ಜಾಕಾ ಆಯಿತು, ಇಂಗ್ಲಿಷರು ಅದಕ್ಕೆ ಫ್ರೂಟ್ ಸೇರಿಸಿಕೊಂಡರು. ಹಾಗೆಯೇ ಅರೆಕಾ. ಮಲಯಾಳದ ಅಡಕ್ಕ, ನಮ್ಮ ಅಡಿಕೆ. ಕೋಪ್ರಾ ಎಂದರೆ ಕೊಬ್ಬರಿ. ಟೀಕ್ ಎಂದರೆ ತೇಗ. ಮ್ಯಾಂಗೊ ಕೂಡ ಅದೇ ದಾರಿಯಲ್ಲಿ ಹೋದದ್ದು.

"ಅಡಿಕಿ ಇಂಗ್ಲಿಷ್ ಆತೇನ ಮಾಮಾ?" ಎಂದು ಹುಡುಗಿ ಓಡಿಬಂದು ಕೇಳಿದಾಗ ಅವಳ ಮುಖ ನೋಡಬೇಕಿತ್ತು. ಇಂಗ್ಲಿಷ್ ಎಂದರೆ ಎಲ್ಲಿಂದಲೋ ಬಂದು ಕುತ್ತಿಗೆ ಮೇಲೆ ಕೂತದ್ದು ಎಂದುಕೊಂಡಿದ್ದವಳಿಗೆ, ಅದರ ಚೀಲದಲ್ಲಿ ನಮ್ಮ ಅಜ್ಜಿಯ ಎಲೆಅಡಿಕೆಯೂ ಇದೆ ಎಂದು ಗೊತ್ತಾಯಿತು. ಬೀಟಲ್ ಎಂಬ ಎಲೆಯ ಹೆಸರೂ ಮಲಯಾಳದ ವೆಟ್ಟಿಲದಿಂದ ಬಂದದ್ದೇ.

ಆಮೇಲೆ ಅವಳು ತಂದ ಮೆಣಸಿನಕಾಯಿ ಬಿಚ್ಚಿದರು. ಇಲ್ಲಿ ನನಗೂ ಹೊಸದೊಂದು ಸಿಕ್ಕಿತು. ಮೆಣಸಿನಕಾಯಿ ಬಂದದ್ದು ಅಮೆರಿಕ ಖಂಡದಿಂದ, ಪೋರ್ಚುಗೀಸರ ಹಡಗಿನಲ್ಲಿ. ಚಿಲ್ಲಿ ಎಂಬುದು ಮೆಕ್ಸಿಕೋದ ನಾವಾತ್ಲ್ ಭಾಷೆಯ ಶಬ್ದ. ಆದರೆ ಇಂಗ್ಲಿಷರು ಅದನ್ನು ಪೆಪ್ಪರ್ ಅಂತಲೂ ಕರೆಯುತ್ತಾರೆ. ಕರಿಮೆಣಸು ಹುಡುಕಿ ಹೊರಟ ಕೊಲಂಬಸ್‌ನ ಜನ ಈ ಖಾರದ ಕಾಯಿಗೂ ಅದೇ ಹೆಸರು ಕೊಟ್ಟರು. ನಾವೇನು ಮಾಡಿದೆವು? ಮೆಣಸು ಎಂಬ ಹಳೆಯ ಹೆಸರಿಗೆ ಕಾಯಿ ಸೇರಿಸಿ ಮೆಣಸಿನಕಾಯಿ ಎಂದೆವು. ಇಬ್ಬರೂ ಒಂದೇ ಉಪಾಯ ಮಾಡಿದ್ದೇವೆ. ಇನ್ನು ಪೆಪ್ಪರ್ ಶಬ್ದವೋ, ಸಂಸ್ಕೃತದ ಪಿಪ್ಪಲಿಯಿಂದ ಗ್ರೀಕ್, ಲ್ಯಾಟಿನ್ ಹಾದು ಹೋದದ್ದು. ಕೆಮ್ಮಾದಾಗ ಅವ್ವ ಜೇನಿನಲ್ಲಿ ತೇಯ್ದು ನೆಕ್ಕಿಸುತ್ತಿದ್ದ ಹಿಪ್ಪಲಿ! ಬ್ಯಾಡಗಿ ಮಾರುಕಟ್ಟೆಯ ಘಾಟಿನಲ್ಲಿ ಬೆಳೆದ ನನಗೆ ಇದನ್ನು ಹೇಳಲು ಗೋವೆಯ ಕ್ರಿಶ್ಚಿಯನ್ ಅಜ್ಜಿ ಬೇಕಾದರು.

ನಮ್ಮ ಕಡೆ ಬಟಾಟಿ ಎನ್ನುತ್ತೇವೆ. ಅದು ಪೋರ್ಚುಗೀಸರ ಬಟಾಟಾ. ಕೆರಿಬಿಯನ್ ದ್ವೀಪಗಳ ಜನ ಗೆಣಸಿಗೆ ಹೇಳುತ್ತಿದ್ದ ಹೆಸರು. ಇಂಗ್ಲಿಷಿನ ಪೊಟ್ಯಾಟೋ ಅದರದೇ ಒಡಹುಟ್ಟು. ಆದರೆ ಸಾಲಿಯಲ್ಲಿ ಬಟಾಟಿ ಎಂದರೆ ಹಳ್ಳಿ ಮಾತು, ಆಲೂಗಡ್ಡೆ ಎಂದು ಬರೆಯಬೇಕು, ಆಮೇಲೆ ಪೊಟ್ಯಾಟೋ ಬಾಯಿಪಾಠ ಮಾಡಬೇಕು. ಕೈಯಲ್ಲಿದ್ದ ಹಗ್ಗ ಕತ್ತರಿಸಿ ಬಾವಿಗಿಳಿ ಎಂದಂತೆ.

ವಿನೆಗರ್ ಶಬ್ದಕ್ಕೆ ಇವಳ ನೋಟ್‌ಬುಕ್ಕಿನಲ್ಲಿ 'ಹುಳಿರಸ' ಎಂದಿತ್ತು. ಹುಣಸೆಹಣ್ಣಿನ ರಸ ಎಂದುಕೊಂಡಿದ್ದಳು. ಆಂಟಿ ತೆಂಗಿನ ಕಳ್ಳಿನಿಂದ ಮಾಡಿದ ವಿನೆಗರಿನ ಬಾಟಲಿ ತೆರೆದು ಮೂಗಿಗೆ ಹಿಡಿದರು. ಮುಖ ಸಿಂಡರಿಸಿತು, ಶಬ್ದ ಒಳಗೆ ಹೋಯಿತು. ಫ್ರೆಂಚಿನಲ್ಲಿ ವ್ಯಾಂ ಎಂದರೆ ದ್ರಾಕ್ಷಿಮದ್ಯ, ಎಗ್ರ್ ಎಂದರೆ ಹುಳಿ. ಹುಳಿತ ಮದ್ಯ, ಅಷ್ಟೇ. ವಿನೆಗರ್ ಹಾಕಿ ಮಾಡುವ ಗೋವೆಯ ಮಾಂಸದಡುಗೆ ವಿಂದಾಲೂವಿನಲ್ಲಿ ಆಲೂ ಇಲ್ಲವೆಂದು ಅವರು ಸ್ವಲ್ಪ ಖಾರವಾಗಿಯೇ ಹೇಳಿದರು. ಪೋರ್ಚುಗೀಸಿನಲ್ಲಿ ಅದು ಮದ್ಯ ಮತ್ತು ಬೆಳ್ಳುಳ್ಳಿ. ಹೆಸರಿನ ಕೊನೆಯ ಆ ಆಲೂ ಅಸಲಿಗೆ ಆಲ್ಯೋ, ಅಂದರೆ ಬೆಳ್ಳುಳ್ಳಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪಾವಿನ ಪಾಠ. ಬೆಳಗ್ಗೆ ಪೊದೇರ್, ಅಂದರೆ ಪಾವು ಮಾರುವವನು, ಸೈಕಲ್ಲಿನಲ್ಲಿ ಪೋಂ ಪೋಂ ಎಂದು ಬರುತ್ತಾನೆ. ಪಾವ್ ಪೋರ್ಚುಗೀಸ್ ಶಬ್ದ, ಅದರ ತಾಯಿ ಲ್ಯಾಟಿನ್ನಿನ ಪಾನಿಸ್. ಜೊತೆಗೆ ಕೂತು ಪಾನಿಸ್ ತಿನ್ನುವವನು ಕಂಪ್ಯಾನಿಯನ್. ಕಂಪನಿ ಹುಟ್ಟಿದ್ದೂ ಅಲ್ಲಿಯೇ. ನಮ್ಮಲ್ಲಿ ಒಂದೇ ತಾಟಿನಲ್ಲಿ ಉಂಡವರು ಎನ್ನುತ್ತೇವಲ್ಲ, ಅದೇ. "ಹಂಗಾರ ಅಪ್ಪಾ ದಿನಾ ಕಂಪನಿಗೆ ಹೋಗ್ತೀನಿ ಅಂತಾರಲ್ಲ, ಅದು ರೊಟ್ಟಿ ಹಂಚಿ ತಿನ್ನೋ ಜಾಗಾನ?" ಎಂದಳು. ಭಾವ ಹತ್ತಿ ಮಿಲ್ಲಿನಲ್ಲಿ ಪಾಳಿ ಕೆಲಸ ಮಾಡುತ್ತಾನೆ, ಮಧ್ಯಾಹ್ನ ನಾಲ್ಕು ಜನ ಬುತ್ತಿ ಬಿಚ್ಚಿ ಕೂಡುತ್ತಾರೆ. ಹೌದು ಎಂದೆ.

ಪಣಜಿಯಲ್ಲಿ ಗಾರ್ಸಿಯಾ ದ ಓರ್ತಾ ಹೆಸರಿನ ಉದ್ಯಾನವಿದೆ, ಅಲ್ಲಿಗೂ ಕರೆದುಕೊಂಡು ಹೋಗಿದ್ದೆ. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಆತ. ಇಲ್ಲಿಯ ಗಿಡಮೂಲಿಕೆ, ಹಣ್ಣುಹಂಪಲಗಳ ಮೇಲೆ ಬರೆದ ಪುಸ್ತಕವನ್ನು 1563ರಲ್ಲಿ ಗೋವೆಯಲ್ಲೇ ಅಚ್ಚು ಹಾಕಿಸಿದ. ಭಾರತದಲ್ಲಿ ಅಚ್ಚುಯಂತ್ರ ಬಂದು ಆಗ ಏಳೇ ವರ್ಷ. ಪುಸ್ತಕ ಹೆಚ್ಚಾಗಿ ಇಬ್ಬರ ಮಾತುಕತೆ. ಒಬ್ಬ ಕೇಳುತ್ತಾನೆ, ಇನ್ನೊಬ್ಬ ಇದಕ್ಕೆ ಇಲ್ಲಿ ಏನೆನ್ನುತ್ತಾರೆ, ಅಲ್ಲಿ ಏನೆನ್ನುತ್ತಾರೆ ಎಂದು ಹೇಳುತ್ತಾ ಹೋಗುತ್ತಾನೆ. ಮಾವು, ಹಲಸು, ಅಡಿಕೆ, ತೆಂಗು ಎಲ್ಲಾ ಅದರಲ್ಲಿವೆ. ನಾಲ್ಕೂವರೆ ಶತಮಾನದ ಹಿಂದೆ ಇದೇ ನೆಲದಲ್ಲಿ ಹೀಗೆ ಕಲಿಸಿದವರಿದ್ದರು. ಘಟ್ಟದ ಆಚೆ, ರೈಲಿನಲ್ಲಿ ಕೆಲವೇ ತಾಸು ದೂರದಲ್ಲಿ, ನಮ್ಮ ಮಕ್ಕಳು ಇನ್ನೂ ಸೇಬು ಕಾಣದ ಊರಿನಲ್ಲಿ ಎ ಫಾರ್ ಆ್ಯಪಲ್ ತಿದ್ದುತ್ತಿದ್ದಾರೆ. ಎ ಫಾರ್ ಅರೆಕಾ ಎಂದರೆ ಶಿರಸಿಯ ಮಗು ಅಂಗಳಕ್ಕೆ ಓಡಿ ಒಂದನ್ನು ಹೆಕ್ಕಿ ತರುತ್ತಿತ್ತು. ಇದಕ್ಕೆ ದುಡ್ಡು ಬೇಡ, ಸ್ಮಾರ್ಟ್ ಕ್ಲಾಸೂ ಬೇಡ. ನಮ್ಮವರಿಗೆ ಮನೆಯ ಸಾಮಾನಿನ ಮೇಲೆ ಇಷ್ಟೇಕೆ ತಾತ್ಸಾರ ಎಂದು ಪ್ರತಿಸಲ ಊರಿಗೆ ಹೋದಾಗಲೂ ಹೊಟ್ಟೆ ಉರಿಯುತ್ತದೆ.

ಹೊರಡುವ ಹಿಂದಿನ ದಿನ ಒಂದು ನಡೆಯಿತು. ಅದನ್ನು ಬಿಟ್ಟರೆ ಸುಳ್ಳು ಹೇಳಿದಂತಾಗುತ್ತದೆ. ಆಂಟಿಯ ಮೊಮ್ಮಗ, ಇವಳದೇ ವಯಸ್ಸು, ಹುಟ್ಟಿದಾಗಿನಿಂದ ಇಂಗ್ಲಿಷ್ ಮಾತಾಡುವವನು. ಇಬ್ಬರಿಗೂ ಆಂಟಿ ರಜೆಯ ಬಗ್ಗೆ ಒಂದು ಪುಟ ಬರೆಯಲು ಹೇಳಿದರು. ಅವನ ಪುಟದಲ್ಲಿ ಸಾಲಿಗೆರಡು ತಪ್ಪು, ಪೂರ್ಣವಿರಾಮವೇ ಇಲ್ಲ. ಇವಳದು ನಿಧಾನ, ಆದರೆ ಮುತ್ತು ಪೋಣಿಸಿದಂತೆ. ರೆಸ್ಟೋರೆಂಟ್ ಸ್ಪೆಲ್ಲಿಂಗನ್ನು ಅವನು ಇವಳ ಹತ್ತಿರ ಕೇಳಿ ಬರೆದುಕೊಂಡ. ನನಗೂ ನೌಕರಿ ಸಿಕ್ಕದ್ದು ಬರೆವಣಿಗೆಯ ಪರೀಕ್ಷೆಯಿಂದಲೇ. ಅಲ್ಲಿ ಕೈ ನಡುಗದಂತೆ ಬರೆಸಿದ್ದು ನಮ್ಮ ಮಾಸ್ತರರ ಹತ್ತು ಸಲ. ಅರವತ್ತು ಮಕ್ಕಳ ಕ್ಲಾಸಿನಲ್ಲಿ ಅವರು ಹಲಸಿನ ಹಣ್ಣನ್ನು ಎಷ್ಟು ಜನಕ್ಕೆ ಬಿಡಿಸಿ ಕೊಡಬೇಕಿತ್ತು?

ಕಳೆದ ವಾರ ಹುಡುಗಿ ವಾಟ್ಸಾಪಿನಲ್ಲಿ ನೋಟ್‌ಬುಕ್ಕಿನ ಫೋಟೋ ಕಳಿಸಿದ್ದಾಳೆ. ಅದೇ ಗೀಟಿನ ಪಕ್ಕ ಇನ್ನೊಂದು ಗೀಟು ಎಳೆದು, ಮೂರನೆಯ ಕಾಲಂ ಮಾಡಿ, ಮೇಲೆ 'ಎಲ್ಲಿಂದ ಬಂತು' ಎಂದು ಬರೆದಿದ್ದಾಳೆ. ಜಿಂಜರ್ ತುಂಬಿದೆ, ಕ್ಯಾಶ್ಯೂ ತುಂಬಿದೆ, ಕ್ಯೂಮಿನ್ ಎದುರು ಆಂಟಿಗೆ ಫೋನ್ ಮಾಡಿ ಕೇಳಿದ ಉತ್ತರ. ಕೊನೆಯಲ್ಲಿ ಹೌಎವರ್, ಆಲ್‌ದೋ, ದೇರ್‌ಫೋರ್. ಆ ಮೂರರ ಮುಂದೆ ಕಾಲಂ ಖಾಲಿ. ಕೆಳಗೆ ಒಂದೊಂದನ್ನೂ ಹತ್ತು ಸಲ ಬರೆದಿದ್ದಾಳೆ.